ಸಲಹೆ ಬಾಯಿಗೆ ಬಂದಾಗ: ಕೋಚಿಂಗ್ ಕಲಿಯುತ್ತಾ ನನ್ನ ಮನಸ್ಸನ್ನು ನೋಡಿಕೊಂಡಿದ್ದು

ಭಾವನಾತ್ಮಕ ಬುದ್ಧಿವಂತಿಕೆ ಮತ್ತು ಕೋಚಿಂಗ್ ಬೇರೆ ಬೇರೆ ವಿಷಯ ಅಂದುಕೊಂಡೇ ನಾನು ಎರಡನ್ನೂ ಕಲಿಯಲು ಶುರು ಮಾಡಿದೆ. ಮೊದಲನೆಯದು ನನಗಾಗಿ. ಎರಡನೆಯದು ನನ್ನ ತಂಡದವರಿಗಾಗಿ. ತಂಡದ ಜವಾಬ್ದಾರಿ ಹೊತ್ತ ಮೇಲೆ ದಿನಾ ಯಾರಾದರೂ ಬಂದು ಏನಾದರೂ ಹೇಳಿಕೊಳ್ಳುತ್ತಲೇ ಇರುತ್ತಾರೆ. ಅವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದು ಹೇಗೆ ಅಂತ ತಿಳಿದುಕೊಳ್ಳಬೇಕಿತ್ತು. ಕಲಿಯುತ್ತಾ ಹೋದಂತೆ ಎರಡು ದಾರಿಯೂ ಒಂದೇ ಜಾಗಕ್ಕೆ ಬಂದು ಸೇರಿದವು. ಎದುರಿನವರು ತಮ್ಮ ಕಷ್ಟ ಹೇಳುತ್ತಿರುವಾಗ, ಅವರ ಮಾತು ಮುಗಿಯುವ ಮೊದಲೇ, ನನ್ನ ಬಾಯಿಗೆ ಸಲಹೆ ಬಂದು ಕೂರುತ್ತದಲ್ಲ, ಆ ಜಾಗಕ್ಕೆ. ನಾನು ಕಲಿತದ್ದರಲ್ಲಿ ಹೆಚ್ಚಿನದು ಅಲ್ಲಿಂದಲೇ ಬಂತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವ ಕೋಚಿಂಗ್ ಪರೀಕ್ಷೆಗೆ ತಯಾರು ಮಾಡುವ ಕ್ಲಾಸ್ ಅಲ್ಲ. ಇದರಲ್ಲಿ ಪಾಠ ಇಲ್ಲ, ಉಪದೇಶವೂ ಇಲ್ಲ. ಒಬ್ಬರು ತಮಗೆ ಬೇಕಾದ ವಿಷಯ ತರುತ್ತಾರೆ. ಕೋಚ್ ಕೇಳಿಸಿಕೊಳ್ಳುತ್ತಾರೆ, ಪ್ರಶ್ನೆ ಕೇಳುತ್ತಾರೆ. ದಾರಿ ಹುಡುಕುವುದು ವಿಷಯ ತಂದವರ ಕೆಲಸ.

ಇನ್ನು ಭಾವನಾತ್ಮಕ ಬುದ್ಧಿವಂತಿಕೆ. ಪೀಟರ್ ಸ್ಯಾಲೋವಿ ಮತ್ತು ಜಾನ್ ಮೇಯರ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1990ರಲ್ಲಿ ಇದರ ಬಗ್ಗೆ ಲೇಖನ ಬರೆದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಎಂಬ ಲೇಖಕರು ತಮ್ಮ ಪುಸ್ತಕದ ಮೂಲಕ ಅದನ್ನು ಸಾಮಾನ್ಯ ಓದುಗರವರೆಗೆ ತಂದರು. ಸ್ಯಾಲೋವಿ ಮತ್ತು ಮೇಯರ್ ಆಮೇಲೆ ಇದನ್ನು ನಾಲ್ಕು ಸಾಮರ್ಥ್ಯಗಳಾಗಿ ವಿಂಗಡಿಸಿದರು: ಭಾವನೆಯನ್ನು ಗುರುತಿಸುವುದು, ಯೋಚನೆಗೆ ಅದನ್ನು ಬಳಸಿಕೊಳ್ಳುವುದು, ಅರ್ಥ ಮಾಡಿಕೊಳ್ಳುವುದು, ನಿಭಾಯಿಸುವುದು. ಎಲ್ಲರೂ ನಾಲ್ಕನೆಯದಕ್ಕೇ ಆತುರಪಡುತ್ತಾರೆ. ಕೋಪ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ಕೇಳುವವರೇ ಜಾಸ್ತಿ. ನನ್ನ ಮಟ್ಟಿಗೆ ಮೊದಲನೆಯದರಲ್ಲೇ ಬಹಳ ಕಾಲ ಕಳೆಯಿತು, ಕಳೆದದ್ದು ಒಳ್ಳೆಯದೇ ಆಯಿತು.

ಗುರುತಿಸುವುದಕ್ಕೆ ನಾನು ಇಟ್ಟುಕೊಂಡದ್ದು ಒಂದು ಸಾದಾ ನೋಟ್‌ಬುಕ್. ಒಂದು ಪುಟಕ್ಕೆ ನಾಲ್ಕು ಕಾಲಂ. ಏನಾಯಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಯಾವ ಭಾವನೆ, ಆಗ ಏನು ಮಾಡಬೇಕು ಅನ್ನಿಸಿತು. ಕೊನೆಯ ಕಾಲಂನಲ್ಲಿ ಬರೆಯುವುದು ಅನ್ನಿಸಿದ್ದನ್ನು ಮಾತ್ರ, ಮಾಡಿದ್ದನ್ನು ಅಲ್ಲ. ಒಂದು ಸಾಲು ಹೀಗಿತ್ತು: "ಮೀಟಿಂಗ್‌ನಲ್ಲಿ ನನ್ನ ಮಾತು ಅರ್ಧಕ್ಕೆ ತುಂಡಾಯಿತು. ದವಡೆ ಬಿಗಿ, ಕಿವಿ ಬಿಸಿ. ಕೋಪ. ಜೋರಾಗಿ ಮಾತಾಡಬೇಕು ಅನ್ನಿಸಿತು." ರಾತ್ರಿ ಅದನ್ನೇ ಮತ್ತೆ ಓದಿದಾಗ ಕೋಪ ಅನ್ನುವುದು ಪೂರ್ತಿ ಸರಿ ಅನ್ನಿಸಲಿಲ್ಲ. ಅದರ ಪಕ್ಕದಲ್ಲಿ "ಅವಮಾನ" ಅಂತ ಬರೆದೆ. ಸ್ವಲ್ಪ ಹೊತ್ತು ಬಿಟ್ಟು "ನನ್ನ ಮಾತಿಗೆ ಬೆಲೆ ಇಲ್ಲವೇನೋ ಅನ್ನುವ ಅಳುಕು" ಅಂತ ಸೇರಿಸಿದೆ. ಈ ಮೂರಕ್ಕೂ ಮಾಡಬೇಕಾದದ್ದು ಬೇರೆ ಬೇರೆ ಅಲ್ವಾ? ಕೋಪ ಆದರೆ ಜಗಳ ಆಡಬಹುದು. ಅಳುಕು ಆದರೆ ಮೀಟಿಂಗ್ ಮುಗಿದ ಮೇಲೆ ಹೋಗಿ, "ನನ್ನ ಮಾತು ಪೂರ್ತಿ ಆಗಲಿಲ್ಲ, ಎರಡು ನಿಮಿಷ ಕೊಡ್ತೀರಾ?" ಅಂತ ಕೇಳಿದರೆ ಸಾಕು.

ಮೈಯ ಕಾಲಂ ಮೊದಮೊದಲು ಖಾಲಿ ಉಳಿಯುತ್ತಿತ್ತು. ತಲೆಯಲ್ಲಿ ಓಡುವ ಮಾತು ಗೊತ್ತಾಗುತ್ತಿತ್ತು, ಹೆಗಲು ಏರಿರುವುದು ಗೊತ್ತಾಗುತ್ತಿರಲಿಲ್ಲ. ಈಗ ನನಗೆ ಮೊದಲ ಸುದ್ದಿ ಅಲ್ಲಿಂದಲೇ ಬರುವುದು. ದವಡೆ ಬಿಗಿಯಾಯಿತು ಅಂದರೆ ಮಾತು ನಿಧಾನ ಮಾಡಬೇಕು ಅಂತ ಲೆಕ್ಕ.

ಹೆಸರಿಡುವುದರಿಂದ ಏನಾದರೂ ಆಗುತ್ತದಾ ಅಂತ ಅನುಮಾನ ಇರುವವರಿಗೆ ಒಂದು ವಿಷಯ ಹೇಳಬೇಕು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು, ಮೆದುಳಿನ ಸ್ಕ್ಯಾನ್ ನಡೆಯುತ್ತಿರುವಾಗ, ಕೋಪ ಭಯದಂಥ ಭಾವನೆ ಕಾಣುವ ಮುಖಗಳ ಚಿತ್ರ ತೋರಿಸಿದರು. ಆ ಭಾವನೆಗೆ ಹೆಸರು ಆರಿಸಿದಾಗ, ಭಯದಂಥ ಭಾವನೆಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಮೆದುಳಿನ ಭಾಗದ ಚಟುವಟಿಕೆ ಕಡಿಮೆಯಾಯಿತು. ಹಣೆಯ ಹಿಂದಿರುವ ಮೆದುಳಿನ ಒಂದು ಭಾಗದ್ದು ಹೆಚ್ಚಾಯಿತು. ಹಾಗಂತ ಹೆಸರಿಟ್ಟ ತಕ್ಷಣ ಕೋಪ ಮಾಯ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಅನುಭವದಲ್ಲಿ ಅದು ಹೋಗುವುದಿಲ್ಲ. ಆದರೆ ಬಾಯಿ ತೆರೆಯುವ ಮೊದಲು ಒಂದು ಸಣ್ಣ ಬಿಡುವು ಸಿಗುತ್ತದೆ.

ಅದುಮಿಟ್ಟುಕೊಳ್ಳುವುದು ಬೇರೆಯೇ. ಜೇಮ್ಸ್ ಗ್ರಾಸ್ ಎಂಬ ಸಂಶೋಧಕರು 1990ರ ದಶಕದಲ್ಲಿ ಜನರಿಗೆ ಮನಸ್ಸು ಕಲಕುವ ಚಲನಚಿತ್ರದ ತುಣುಕು ತೋರಿಸಿ, ಮುಖದಲ್ಲಿ ಏನೂ ಕಾಣದ ಹಾಗೆ ಇರಲು ಹೇಳಿದ್ದರು. ಮುಖ ಶಾಂತವಾಗಿತ್ತು, ಆದರೆ ರಕ್ತನಾಳಗಳು ದೇಹಕ್ಕೆ ಒತ್ತಡ ಬಿದ್ದಿರುವುದನ್ನು ತೋರಿಸುತ್ತಿದ್ದವು. ಕೆಲಸದ ಜಾಗದಲ್ಲಿ "ಅವರು ಬಹಳ ಸಮಾಧಾನಿ" ಅಂತ ಹೆಸರು ಪಡೆದ ಕೆಲವರು ಮನೆಗೆ ಹೋದ ಕೂಡಲೇ ಬಾಗಿಲು ಬಡಿಯುವುದು ಯಾಕೆ ಅಂತ ನನಗೆ ಇದನ್ನು ಓದಿದ ಮೇಲೆ ಅರ್ಥವಾಯಿತು.

ಇನ್ನು ಕೋಚಿಂಗ್ ಕಲಿಕೆ. ಇದರ ಬೇರು ಆಟದ ಮೈದಾನದಲ್ಲಿದೆ. 1970ರ ದಶಕದಲ್ಲಿ ತಿಮೋತಿ ಗಾಲ್ವೆ ಎಂಬ ಅಮೆರಿಕದ ಟೆನ್ನಿಸ್ ಕೋಚ್ ಶಿಷ್ಯರಿಗೆ "ಕೈ ಹೀಗೆ ಇಡು, ಕಾಲು ಹಾಗೆ ಇಡು" ಅನ್ನುವುದನ್ನು ಕಡಿಮೆ ಮಾಡಿದರು. ಬದಲಿಗೆ, ಚೆಂಡು ನೆಲಕ್ಕೆ ಬಿದ್ದಾಗ "ಬೌನ್ಸ್" ಅಂತ ಹೇಳು, ರಾಕೆಟ್‌ಗೆ ತಗುಲಿದಾಗ "ಹಿಟ್" ಅಂತ ಹೇಳು ಅಂದರು. ಅಷ್ಟೇ. ಗಮನ ಚೆಂಡಿನ ಮೇಲೆ ನಿಂತಾಗ ಒಳಗಿನ ಬೈಗುಳ ನಿಲ್ಲುತ್ತದೆ, ಕೈ ತಾನಾಗಿ ಸರಿ ಹೋಗುತ್ತದೆ ಅನ್ನುವುದು ಅವರ ಮಾತು. ಇದೇ ಯೋಚನೆಯನ್ನು ಕೆಲಸದ ಜಗತ್ತಿಗೆ ತಂದವರಲ್ಲಿ ಒಬ್ಬರು ಜಾನ್ ವಿಟ್‌ಮೋರ್. ಅವರ ಮೂಲಕ ಹೆಸರಾದ "ಗ್ರೋ" ಮಾದರಿಯನ್ನು ಬಹಳಷ್ಟು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ: ಏನು ಬೇಕು, ಈಗ ಹೇಗಿದೆ, ಏನೇನು ದಾರಿಗಳಿವೆ, ಯಾವುದನ್ನು ಮಾಡುತ್ತೀರಿ. ಕಲಿಯುವವರಿಗೆ ಇದು ಒಳ್ಳೆಯ ಊರುಗೋಲು. ಆದರೆ ಮಾತು ಈ ಕ್ರಮದಲ್ಲೇ ಸಾಗುವುದು ಅಪರೂಪ. ಮೊದಲ ಪ್ರಶ್ನೆಗೆ ಕೊಟ್ಟ ಉತ್ತರ ಮೂರನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಬದಲಾಗಿರುತ್ತದೆ. ಆಗ ಹಿಂದಕ್ಕೆ ಹೋಗಲೇಬೇಕು.

ತರಬೇತಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮೂವರ ಗುಂಪು. ಒಬ್ಬರು ಕೋಚ್, ಒಬ್ಬರು ಕ್ಲೈಂಟ್ ಅಂದರೆ ವಿಷಯ ತರುವವರು, ಮತ್ತೊಬ್ಬರು ಸುಮ್ನೆ ನೋಡುವವರು. ನೋಡುವವರ ಕೈಯಲ್ಲಿ ಪೆನ್ ಇರುತ್ತದೆ, ಮಾತಾಡುವ ಹಾಗಿಲ್ಲ. ಆಮೇಲೆ ಜಾಗ ಬದಲಾಯಿಸಿಕೊಳ್ಳುವುದು. ನೋಡುವ ಸರದಿಯಲ್ಲಿ ನಾನು ಕಲಿತಷ್ಟು ಬೇರೆ ಎರಡರಲ್ಲಿ ಕಲಿತಿಲ್ಲ. ಬೇರೆಯವರು ಪ್ರಶ್ನೆಯ ವೇಷ ಹಾಕಿ ಸಲಹೆ ಕೊಡುವುದು ಅಲ್ಲಿ ಎದ್ದು ಕಾಣುತ್ತದೆ. "ನೀವು ಅವರ ಹತ್ತಿರ ನೇರವಾಗಿ ಮಾತಾಡಿ ನೋಡಬಹುದಲ್ವಾ?" ಇದಕ್ಕೆ ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಇದೆ, ನಿಜ. ಆದರೆ ಇದು ಸಲಹೆಯೇ. ಕ್ಲೈಂಟ್ "ಹೂಂ" ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಅಭ್ಯಾಸದ ಸೆಷನ್‌ಗಳನ್ನು, ಎದುರಿನವರ ಒಪ್ಪಿಗೆ ಪಡೆದು, ರೆಕಾರ್ಡ್ ಮಾಡಿಕೊಂಡು ಕೇಳುತ್ತಿದ್ದೆ. ಕೇಳುವಾಗ ನನ್ನ ಪ್ರತಿ ಪ್ರಶ್ನೆಯನ್ನೂ ಕಾಗದದ ಮೇಲೆ ಇದ್ದ ಹಾಗೇ ಇಳಿಸುವುದು. ಆಮೇಲೆ ಗುರುತು ಹಾಕುವುದು. ಹೌದು-ಇಲ್ಲ ಅಂತ ಮುಗಿಯುವ ಪ್ರಶ್ನೆಗೆ ಒಂದು ಬಣ್ಣ. ಉಸಿರಾಡಲು ಬಿಡದೆ ಒಂದರ ಮೇಲೊಂದು ಕೇಳಿದ ಪ್ರಶ್ನೆಗೆ ಇನ್ನೊಂದು. "ಯಾಕೆ" ಎಂದು ಶುರುವಾದದ್ದಕ್ಕೆ ಮತ್ತೊಂದು. ಯಾಕೆ ಅಂತ ಕೇಳುವುದು ತಪ್ಪೇನಲ್ಲ, ಆದರೆ "ಯಾಕೆ ಹೇಳಲಿಲ್ಲ?" ಅಂದ ಕೂಡಲೇ ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ. "ಹೇಳದ ಹಾಗೆ ತಡೆದದ್ದು ಏನು?" ಅಂದರೆ ತಮ್ಮೊಳಗೆ ನೋಡಿಕೊಳ್ಳುತ್ತಾರೆ. ಕೇಳಿದ ವಿಷಯ ಒಂದೇ, ಬರುವ ಉತ್ತರ ಬೇರೆ.

ಒಂದು ಸೆಷನ್‌ನ ತುಣುಕು ಇಲ್ಲಿ ಕೊಡುತ್ತೇನೆ. ವಿಷಯ ತಂದವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರ ತೆಗೆದಿದ್ದೇನೆ. ನನಗಿಂತ ತುಂಬಾ ಚಿಕ್ಕ ವಯಸ್ಸಿನ ಹುಡುಗ, ಕೆಲಸ ಬಿಡಬೇಕೋ ಬೇಡವೋ ಅನ್ನುವ ಗೊಂದಲ.

"ಬಿಟ್ಟುಬಿಡೋಣ ಅನ್ಸುತ್ತೆ ಮೇಡಂ. ಆದ್ರೆ ಬಿಟ್ರೆ ಮುಂದೇನು ಅಂತ ಗೊತ್ತಿಲ್ಲ."

ನನ್ನ ಬಾಯಿಗೆ ಆಗಲೇ ಬಂದಾಗಿತ್ತು: ಇನ್ನೊಂದು ಕೆಲಸ ಸಿಗುವವರೆಗೆ ಬಿಡಬೇಡ. ಎದೆಯಲ್ಲಿ ಏನೋ ಒತ್ತಿದ ಹಾಗೆ. ನೋಟ್‌ಬುಕ್‌ನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಇದೇನು ಅಂತ ಒಳಗೇ ಕೇಳಿಕೊಂಡೆ. ಹೆದರಿಕೆ. ಯಾರದ್ದು? ನನ್ನದೇ. ಈ ಹುಡುಗ ಕಷ್ಟಕ್ಕೆ ಬಿದ್ದರೆ ಅನ್ನುವ ಹೆದರಿಕೆ ನನಗೆ. ಸಲಹೆ ಹೇಳಿಬಿಟ್ಟರೆ ಸಮಾಧಾನ ಆಗುವುದೂ ನನಗೇ. ಅದನ್ನು ಪಕ್ಕಕ್ಕಿಟ್ಟು ಕೇಳಿದೆ.

"ಬಿಟ್ಟುಬಿಡೋಣ ಅಂತ ಜೋರಾಗಿ ಅನ್ನಿಸೋದು ಯಾವಾಗ?"

ತುಂಬಾ ಹೊತ್ತು ಮಾತಿಲ್ಲ. ಇಂಥ ಹೊತ್ತಲ್ಲಿ ನಾನು ಮೂರು ಸಲ ನಿಧಾನಕ್ಕೆ ಉಸಿರಾಡುತ್ತೇನೆ. ಆ ಮೂರು ಉಸಿರಿನೊಳಗೆ ಬಾಯಿ ತೆರೆಯುವ ಹಾಗಿಲ್ಲ.

"ಸೋಮವಾರ ಬೆಳಿಗ್ಗೆ. ಅಲ್ಲ... ಸೋಮವಾರ ಅಂತ ಅಲ್ಲ. ವಾರದ ಲೆಕ್ಕ ಒಪ್ಪಿಸೋ ಮೀಟಿಂಗ್ ಇರುತ್ತಲ್ಲ, ಅದರ ಮುಂಚೆ."

"ಆ ಮೀಟಿಂಗ್‌ನಲ್ಲಿ ಏನಾಗುತ್ತೆ?"

"ಎಲ್ಲರ ಮುಂದೆ ನನ್ನ ಕೆಲಸದ ತಪ್ಪು ಎತ್ತಿ ಹೇಳ್ತಾರೆ. ಮಿಕ್ಕ ನಾಲ್ಕು ದಿನ ನನಗೆ ಕೆಲಸ ಇಷ್ಟಾನೇ ಮೇಡಂ."

ಕೆಲಸ ಬಿಡುವ ಪ್ರಶ್ನೆ ಒಂದು ಮೀಟಿಂಗ್‌ನ ಪ್ರಶ್ನೆಯಾಗಿ ಕುಗ್ಗಿತು. ನನ್ನ ಸಲಹೆ ತಪ್ಪೇನೂ ಆಗಿರಲಿಲ್ಲ, ಹಣದ ಲೆಕ್ಕದಲ್ಲಿ ನೋಡಿದರೆ ಜಾಣ ಸಲಹೆಯೇ. ಆದರೆ ಅದನ್ನು ಹೇಳಿದ್ದರೆ ನಾವು ಹೊಸ ಕೆಲಸ ಹುಡುಕುವ ಬಗ್ಗೆ ಮಾತಾಡುತ್ತಾ ಕೂರುತ್ತಿದ್ದೆವು. ಮೀಟಿಂಗ್ ವಿಷಯ ಹೊರಗೇ ಬರುತ್ತಿರಲಿಲ್ಲ.

ಹೀಗಂತ ಯಾವತ್ತೂ ಸಲಹೆ ಕೊಡಲೇಬಾರದು ಅನ್ನುವ ಪಂಥಕ್ಕೆ ನಾನು ಸೇರಿದವಳಲ್ಲ. ಬೆಂಕಿ ಬಿದ್ದಾಗ "ನಿಮಗೆ ಏನನ್ನಿಸುತ್ತೆ?" ಅಂತ ಕೇಳಿಕೊಂಡು ನಿಲ್ಲಲು ಆಗುತ್ತಾ? ಹೊಸಬರಿಗೆ ಕೆಲಸವೇ ಗೊತ್ತಿಲ್ಲದಿದ್ದರೆ ಹೇಳಿಕೊಡಬೇಕು, ಪ್ರಶ್ನೆ ಕೇಳಿ ಸತಾಯಿಸಬಾರದು. ಕೋಚಿಂಗ್ ಹೊಂದುವುದು, ಮಾಹಿತಿ ಇದ್ದೂ ತೀರ್ಮಾನಕ್ಕೆ ಬರಲಾಗದೆ ಒದ್ದಾಡುವವರಿಗೆ.

ಮನೆಯವರ ಮೇಲೆ ಇದನ್ನು ಪ್ರಯೋಗ ಮಾಡಬೇಡಿ ಅಂತಲೂ ಹೇಳಬೇಕು. "ಅದರ ಬಗ್ಗೆ ನಿನಗೆ ಏನನ್ನಿಸ್ತು?" ಅಂತ ನಾನು ಮೆತ್ತಗೆ ಕೇಳಿದಾಗ ನನ್ನ ಗಂಡ, "ನಿನ್ನ ಕ್ಲಾಸು ನನ್ನ ಮೇಲೆ ಬೇಡ, ಜಗಳ ಆಡೋದಾದ್ರೆ ನೇರವಾಗಿ ಆಡು" ಅಂದರು. ಅವರು ಹೇಳಿದ್ದು ಸರಿಯೇ. ಕೋಚಿಂಗ್‌ಗೆ ಎದುರಿನವರ ಒಪ್ಪಿಗೆ ಬೇಕು. ಕೇಳಿಸಿಕೊಳ್ಳುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ, ಮನೆಯಲ್ಲಿ ನಾನು ಅಷ್ಟಕ್ಕೇ ನಿಂತಿದ್ದೇನೆ.

ಇನ್ನೊಂದು ಗಡಿ ಇದಕ್ಕಿಂತ ಮುಖ್ಯ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಸಾಕಾಗಿದೆ ಅಂತ ಯಾರಾದರೂ ಹೇಳಿದರೆ ಅದು ಕೋಚ್ ಕೆಲಸವಲ್ಲ. ಹಳೆಯ ಆಘಾತ ಮತ್ತೆ ಮತ್ತೆ ಮೇಲೆ ಬರುತ್ತಿದ್ದರೂ ಅಷ್ಟೇ. ಮನೋವೈದ್ಯರು ಅಥವಾ ಆಪ್ತಸಮಾಲೋಚಕರ ಹತ್ತಿರ ಕಳಿಸಬೇಕು, ಅದನ್ನು ಸ್ಪಷ್ಟವಾಗಿ ಹೇಳಬೇಕು. ನಾನು ಮೊದಲ ಭೇಟಿಯಲ್ಲೇ ಇದನ್ನು ಹೇಳಿಬಿಡುತ್ತೇನೆ. ಗುಟ್ಟು ಕಾಪಾಡುವ ಮಾತೂ ಆಗಲೇ ಆಗಬೇಕು. ನನ್ನ ತಂಡದವರ ಜೊತೆ ಇದು ಇನ್ನೂ ಸೂಕ್ಷ್ಮ, ಯಾಕಂದರೆ ಅವರ ಕೆಲಸಕ್ಕೆ ಅಂಕ ಹಾಕುವವಳೂ ನಾನೇ. ಆದ್ದರಿಂದ ನನ್ನ ಕೈಕೆಳಗಿನವರ ಜೊತೆ ದಿನದ ಕೆಲಸದ ವಿಷಯ ಬಿಟ್ಟು ಆಳಕ್ಕೆ ಇಳಿಯುವುದಿಲ್ಲ. ಅಂಥವರಿಗೆ ಬೇರೆ ಕೋಚ್ ಇರುವುದೇ ವಾಸಿ.

ಸರ್ಟಿಫಿಕೇಟ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಇದನ್ನೇ ವೃತ್ತಿ ಮಾಡಿಕೊಳ್ಳುವುದಾದರೆ ಬೇಕು. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಮೂರು ಹಂತದ ಮಾನ್ಯತೆ ಕೊಡುತ್ತದೆ. ಮೊದಲನೆಯದಾದ ಎಸಿಸಿಗೆ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ, ಜೊತೆಗೆ 10 ಗಂಟೆ ಮೆಂಟರ್ ಕೋಚಿಂಗ್, ಅಂದರೆ ಅನುಭವಿ ಕೋಚ್ ನಮ್ಮ ಕೋಚಿಂಗ್ ತಿದ್ದುವುದು, ಬೇಕು. ಮುಂದಿನ ಹಂತವಾದ ಪಿಸಿಸಿಗೆ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) ಅನುಭವವೇ 500 ಗಂಟೆ. ಎರಡು ದಿನದಲ್ಲಿ ಕೋಚ್ ಮಾಡಿಬಿಡುತ್ತೇವೆ ಅನ್ನುವ ಜಾಹೀರಾತು ಕಂಡಾಗ ಈ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ. ನಮ್ಮ ಬೆಳವಣಿಗೆಗೆ ಮಾತ್ರ ಅಂದರೆ ಇಷ್ಟೆಲ್ಲ ಬೇಡ. ಸೇರುವುದಿದ್ದರೂ ಒಂದು ಮಾತು ಕೇಳಿ ಸೇರಿ: ನನ್ನ ಸೆಷನ್ ಕೇಳಿ ಯಾರಾದರೂ ತಿದ್ದುತ್ತಾರಾ? ಇಲ್ಲ ಅಂದರೆ ಬೇರೆ ಕಡೆ ನೋಡಿ.

ಮನೆಯಲ್ಲೇ ಶುರು ಮಾಡುವವರಿಗೆ ನಾನು ಹೇಳುವುದು, ಇದೇ ಆಸಕ್ತಿ ಇರುವ ಇನ್ನಿಬ್ಬರನ್ನು ಹುಡುಕಿಕೊಳ್ಳಿ. ಹತ್ತಿರದ ನೆಂಟರು, ಒಂದೇ ತಂಡದವರು ಬೇಡ. ತರುವ ವಿಷಯ ನಿಜದ್ದಿರಲಿ, ಆದರೆ ತೀರಾ ದೊಡ್ಡದು ಬೇಡ: ಮುಂದಕ್ಕೆ ತಳ್ಳುತ್ತಲೇ ಇರುವ ಒಂದು ಫೋನ್ ಕರೆ, ಆಗಲ್ಲ ಅನ್ನಲಾಗದೆ ಒಪ್ಪಿಕೊಂಡ ಒಂದು ಕೆಲಸ, ಇಂಥದ್ದು. ಇಪ್ಪತ್ತು ನಿಮಿಷ ಮಾತು ಸಾಕು. ಆಮೇಲೆ ಮೊದಲು ಕ್ಲೈಂಟ್ ಹೇಳಲಿ, ಯಾವ ಪ್ರಶ್ನೆ ಯೋಚನೆಗೆ ಹಚ್ಚಿತು, ಯಾವುದು ಅಡ್ಡ ಬಂತು ಅಂತ. ಕೋಚ್ ಆದವರು ತಮ್ಮೊಳಗೆ ಸಲಹೆ ಎದ್ದದ್ದು ಯಾವಾಗ, ಆಗ ಮೈಯಲ್ಲಿ ಏನಾಯಿತು ಅಂತ ಹೇಳಲಿ. ನೋಡುವವರು ತಾವು ಬರೆದುಕೊಂಡದ್ದನ್ನು ಕೊನೆಗೆ ಓದಲಿ. ಬರೆದ ಹಾಗೇ ಓದಬೇಕು, ವಿವರಣೆ ಸೇರಿಸುವ ಹಾಗಿಲ್ಲ.