ಕಟ್ಟಿನ ಹಿಂದೆ ಅಪ್ಪನ ಪೆನ್ಸಿಲ್

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಹತ್ತಿರ ಬಂತೆಂದರೆ ದಾವಣಗೆರೆಯ ಹಳೇ ಊರಿನ ಮನೆಗಳಿಗೆಲ್ಲ ಸುಣ್ಣ ಬಣ್ಣ ಶುರುವಾಗುತ್ತದೆ. ಗೋಡೆಗೆ ಬಣ್ಣ ಹೊಡೆಯಬೇಕಾದರೆ ಫೋಟೋ ಇಳಿಸಲೇಬೇಕಲ್ವಾ. ಇಳಿಸಿದ ಮೇಲೆ ಗೊತ್ತಾಗುತ್ತದೆ, ಹಿಂದಿನ ಹಲಗೆ ಗೆದ್ದಲು ತಿಂದಿದೆ, ಗಾಜು ಮೂಲೆಯಲ್ಲಿ ಸೀಳಿದೆ, ಅಜ್ಜನ ಅಂಗಿಯ ಮೇಲೆ ಬೂಷ್ಟು ಹತ್ತಿದೆ. ಆಗ ಅವೆಲ್ಲ ಹಳೇ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಅಂಗಡಿಗೆ ಬರುತ್ತವೆ. ನಮ್ಮದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಅಪ್ಪ 1968ರಲ್ಲಿ ಶುರು ಮಾಡಿದ್ದು. ನಾನು ಕೂತು 28 ವರ್ಷವಾಯಿತು.

ಜನ ಫೋಟೋ ಅಂದರೆ ಮುಖ ನೋಡುತ್ತಾರೆ. ನನ್ನ ಕಸುಬಿನಲ್ಲಿ ಮೊದಲು ಕಾಣುವುದು ಬೆನ್ನು. ಹಾಗಾಗಿ ಹಳೇ ಫೋಟೋಗಳ ಹುಚ್ಚು ನನಗೆ ಹಿಂದಿನಿಂದಲೇ ಹತ್ತಿತು.

ಕಟ್ಟು ಬಿಚ್ಚುವುದೇ ಒಂದು ಕೆಲಸ. ಮೇಜಿನ ಮೇಲೆ ಕಂಬಳಿ ಹಾಸಿ, ಕಟ್ಟನ್ನು ಮಗುಚಿ ಇಡುತ್ತೇನೆ. ಸುತ್ತಲೂ ಅಂಟಿಸಿದ ಖಾಕಿ ಕಾಗದವನ್ನು ಬ್ಲೇಡಿನಿಂದ ಕೊಯ್ಯಬೇಕು, ಕಿತ್ತರೆ ಒಳಗಿನದೂ ಜೊತೆಗೆ ಬರುತ್ತದೆ. ಮೊಳೆಗಳು ತುಕ್ಕು ಹಿಡಿದಿರುತ್ತವೆ. ಇಕ್ಕಳದಲ್ಲಿ ಹಿಡಿದು ನೇರವಾಗಿ ಎಳೆಯಬೇಕು, ಅಲುಗಾಡಿಸಿದರೆ ಗಾಜು ಹೋಯಿತು. ಹಲಗೆ ಎತ್ತಿದ ಕೂಡಲೇ ಒಂದು ವಾಸನೆ ಬರುತ್ತದೆ. ಹಳೇ ಕಾಗದ, ಹೊಗೆ, ಜಿರಳೆ, ಜೊತೆಗೆ ಎಷ್ಟೋ ವರ್ಷದ ಊದುಬತ್ತಿ. ನನಗೆ ಇಷ್ಟ. ಹೆಂಡತಿಗೆ ಆಗಲ್ಲ.

ಹಲಗೆ ಅಂದರೆ ಈಗಿನ ಹಾರ್ಡ್‌ಬೋರ್ಡ್ ಅಲ್ಲ. ಚಹಾ ಪೆಟ್ಟಿಗೆ ಒಡೆದು ಮಾಡಿದ್ದು. ಕೆಲವದರ ಮೇಲೆ ಕಪ್ಪು ಮಸಿಯ ಅರ್ಧಂಬರ್ಧ ಅಕ್ಷರ ಇನ್ನೂ ಇರುತ್ತದೆ. ಹಲಗೆಗೂ ಫೋಟೋಗೂ ನಡುವೆ ಮೆತ್ತಗಿರಲಿ ಅಂತ ಏನಾದರೂ ತುರುಕಿರುತ್ತಾರೆ. ಅಲ್ಲೇ ಇರುವುದು ಮಜಾ. ದಿನಪತ್ರಿಕೆ, ಕ್ಯಾಲೆಂಡರ್, ಮದುವೆ ಕರೆಯೋಲೆ, ಬಟ್ಟೆ ಥಾನಿನ ಮೇಲೆ ಅಂಟಿಸುತ್ತಿದ್ದ ಬಣ್ಣದ ಚೀಟಿ. ನಮ್ಮದು ಹತ್ತಿ ಮಿಲ್ಲುಗಳ ಊರಾಗಿತ್ತು ನೋಡಿ, ಥಾನಿನ ಚೀಟಿಗೆ ಬರವಿರಲಿಲ್ಲ. ಒಂದು ಸಲ ಶಿವಪಾರ್ವತಿಯ ಪಟದ ಹಿಂದೆ ಹುಡುಗನೊಬ್ಬ ಹತ್ತನೇ ಕ್ಲಾಸಿನಲ್ಲಿ ಫೇಲಾದ ಅಂಕಪಟ್ಟಿ ಸಿಕ್ಕಿತು. ಮಡಚಿ ಮಡಚಿ ಇಟ್ಟಿದ್ದ. ಪಟ ತಂದವರೇ ಆ ಹುಡುಗ, ಈಗ ಮೊಮ್ಮಕ್ಕಳಿದ್ದಾರೆ. ಇಬ್ಬರೂ ಸಿಕ್ಕಾಪಟ್ಟೆ ನಕ್ಕೆವು.

ಇಂಥದ್ದು ಸಿಕ್ಕರೆ ಫೋಟೋದ ವಯಸ್ಸು ಲೆಕ್ಕ ಹಾಕುವುದು ಸುಲಭ. ಪತ್ರಿಕೆಯ ತಾರೀಕಿಗಿಂತ ಮೊದಲು ಕಟ್ಟು ಹಾಕಿಲ್ಲ, ಅಷ್ಟಂತೂ ಖಾತ್ರಿ. ಫೋಟೋ ಮಾತ್ರ ಅದಕ್ಕಿಂತ ಹಳೇದಿರಬಹುದು. ಇನ್ನು ಸ್ಟುಡಿಯೋ ಮೊಹರು. ಬೆಲೆ 1-8-0 ಅಂತಿದ್ದರೆ ಒಂದು ರೂಪಾಯಿ ಎಂಟಾಣೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಅಂದರೆ ಫೋಟೋ ಹೆಚ್ಚುಕಡಿಮೆ ಅದಕ್ಕಿಂತ ಹಿಂದಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ನಂತರದ್ದು. ‘ಮೈಸೂರು ಸ್ಟೇಟ್’ ಅಂತಿದ್ದರೆ ಮೊಹರು ಮಾಡಿಸಿದ್ದು 1973ಕ್ಕೆ ಮುಂಚೆ. ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಅಂತ ಇರುವುದೂ ಬೇಕಾದಷ್ಟು ಬರುತ್ತವೆ. ನಾವು ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ ತಾನೇ. ಹರಪನಹಳ್ಳಿಯವರ ಕಥೆ ಇನ್ನೂ ಚೆನ್ನ. 1953ರವರೆಗೆ ಮದ್ರಾಸಿಗೆ ಸೇರಿದ ಬಳ್ಳಾರಿ, ಆಮೇಲೆ ಮೈಸೂರಿಗೆ ಸೇರಿದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ. ಊರು ಇದ್ದಲ್ಲೇ ಇದೆ, ಮೊಹರು ಮಾತ್ರ ಬದಲಾಗುತ್ತಾ ಹೋಯಿತು.

ಜಾತ್ರೆ ಸಮಯದಲ್ಲಿ ಬರುವುದರಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಜಾಸ್ತಿ. ಸೀರೆಯ ಅಂಚಿಗೆ ಜರಿ, ಒಡವೆಗೆ ಚಮಕಿ ಹೊಲಿದದ್ದೂ ಇರುತ್ತವೆ. ‘ರವಿವರ್ಮ ಕೈಯಾರೆ ಬರೆದದ್ದು ರೀ’ ಅನ್ನುತ್ತಾರೆ. ಅಲ್ಲ, ಅದು ಕಲ್ಲಚ್ಚು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಒತ್ತಿ ತೆಗೆದ ಮುದ್ರಣ. ರವಿವರ್ಮನ ಪ್ರೆಸ್ ಶುರುವಾಗಿದ್ದು 1894ರಲ್ಲಿ ಮುಂಬೈಯಲ್ಲಿ, ಆಮೇಲೆ ಲೋನಾವಳದ ಹತ್ತಿರಕ್ಕೆ ಹೋಯಿತು. ಕಟ್ಟಿನ ಪಟ್ಟಿಯ ಕೆಳಗೆ ಮುಚ್ಚಿಹೋದ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಚಿಕ್ಕದಾಗಿ ಇರುತ್ತದೆ. ಎಷ್ಟೋ ಪಟಗಳಲ್ಲಿ ಆ ಅಂಚನ್ನೇ ಕತ್ತರಿಸಿ ಎಸೆದಿರುತ್ತಾರೆ. ಕತ್ತರಿಸಿದವರು ನಮ್ಮಂಥವರೇ.

2022ರಲ್ಲಿ ಹಿರಿಯೂರು ಹತ್ತಿರದ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ. ಆಗ ಹಿರಿಯೂರು ಕಡೆಯ ಒಬ್ಬರು ಒಂದು ಫೋಟೋ ತಂದರು. ‘ಹಿಂದಿನ ಕೋಡಿ ಬಿದ್ದಾಗ ನಮ್ಮ ತಾತ ತೆಗೆಸಿದ್ದು. ದೊಡ್ಡದು ಮಾಡಿ ಕಟ್ಟು ಹಾಕಿ.’ ನೀರು ಧುಮುಕುತ್ತಿತ್ತು, ಪೇಟ ಸುತ್ತಿದ ನಾಲ್ಕು ಜನ ನಿಂತಿದ್ದರು. ಭೂತಗನ್ನಡಿ ಹಿಡಿದೆ. ರಸ್ತೆ ಬದಿಯ ಕಲ್ಲಿನ ಮೇಲೆ ‘ಕಿ.ಮೀ.’ ಅಂತಿತ್ತು. 1933ರಲ್ಲಿ ನಮ್ಮಲ್ಲಿ ಇದ್ದದ್ದು ಮೈಲಿಗಲ್ಲು, ಕಿಲೋಮೀಟರ್ ಬಂದದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷದ ಮೇಲೆ. ತೂಬಿನಲ್ಲಿ ನೀರು ಬಿಟ್ಟಾಗ ತೆಗೆಸಿದ್ದಿರಬೇಕು ಅಂದೆ. ಅವರ ಮುಖ ಸಪ್ಪೆಯಾಯಿತು. ಕಟ್ಟು ಹಾಕಿಸದೆ ವಾಪಸ್ ತಗೊಂಡು ಹೋದರು. ಬಾಯಿ ಮುಚ್ಚಿಕೊಂಡಿದ್ದರೆ ಒಂದು ಗಿರಾಕಿ ಉಳಿಯುತ್ತಿತ್ತು. ಆದರೆ ಕಂಡದ್ದನ್ನು ಕಂಡಿಲ್ಲ ಅನ್ನುವುದು ಹೇಗೆ?

ಇನ್ನೊಂದು ಕಡೆ ಕಣ್ಣಿದ್ದೂ ಕುರುಡಾಗಿದ್ದೆ.

2004ರ ಸುಮಾರು. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ಒಂದು ಗುಂಪು ಫೋಟೋ ಬಂತು. ಹತ್ತಕ್ಕೆ ಹನ್ನೆರಡು ಇಂಚು. ಮನೆ ಮುಂದೆ ಕುರ್ಚಿಯಲ್ಲಿ ಯಜಮಾನ, ಸುತ್ತ ಮಕ್ಕಳು. ಗಿರಾಕಿಗೆ ಅವಸರ, ನನ್ನ ಹತ್ತಿರ ಎಂಟಕ್ಕೆ ಹತ್ತರ ರೆಡಿಮೇಡ್ ಕಟ್ಟು ಇತ್ತು. ಎಡಗಡೆ ಕತ್ತಲು ಬಾಗಿಲು ಬಿಟ್ಟರೆ ಏನೂ ಇಲ್ಲ ಅಂತ ಅಂಚು ಕತ್ತರಿಸಿ ಕೂರಿಸಿಬಿಟ್ಟೆ. ಮೂರು ದಿನಕ್ಕೆ ಆ ಮನೆಯ ಅಜ್ಜಿಯೇ ಬಸ್ ಹತ್ತಿ ಬಂದರು. ಬೈಯಲಿಲ್ಲ.

‘ತಮ್ಮಾ, ಬಾಗಿಲಾಗ ನಮ್ಮಕ್ಕ ನಿಂತಿದ್ಲು. ಎಲ್ಲಿ ಹೋದ್ಲು?’

ಹೆರಿಗೆಗೆ ಅಂತ ತವರಿಗೆ ಬಂದಿದ್ದಳಂತೆ ಆ ಅಕ್ಕ. ತುಂಬಿದ ಬಸುರಿ, ಫೋಟೋದವನ ಮುಂದೆ ಬರಲು ನಾಚಿಕೆ. ಬಾಗಿಲ ಹಿಂದಿನಿಂದ ಅರ್ಧ ಮುಖ ಹಾಕಿ ನೋಡುತ್ತಿದ್ದಳು. ಅದೇ ಹೆರಿಗೆಯಲ್ಲಿ ತೀರಿಕೊಂಡಳು. ಅವಳದು ಬೇರೆ ಫೋಟೋ ಇಲ್ಲ. ಅಂಗಡಿಯ ಕಸವನ್ನೆಲ್ಲ ಸುರಿದು ಹುಡುಕಿದೆ. ಹುಡುಗ ಹಿಂದಿನ ದಿನವೇ ಗುಡಿಸಿ ಬೆಂಕಿ ಹಚ್ಚಿದ್ದ. ‘ದುಡ್ಡು ವಾಪಸ್ ತಗೊಳ್ರಿ ಅಜ್ಜೀ’ ಅಂದೆ. ‘ಇರಲಿ ಬಿಡಪ್ಪ’ ಅಂದು ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆವತ್ತಿನಿಂದ ಹಳೇ ಫೋಟೋಗೆ ಕತ್ತರಿ ತಾಗಿಸುವುದಿಲ್ಲ. ಕಟ್ಟನ್ನೇ ಅಳತೆಗೆ ಮಾಡುತ್ತೇನೆ. ಬಿಚ್ಚಿದ ಕೂಡಲೇ ಮುಂದೆ, ಹಿಂದೆ ಎರಡೂ ಕಡೆ ಸ್ಕ್ಯಾನ್ ಮಾಡುತ್ತೇನೆ, 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆ. ಕಲೆ ತೆಗೆಯುವುದು, ಮುಖ ತಿದ್ದುವುದು ಏನಿದ್ದರೂ ಆ ಕಾಪಿಯ ಮೇಲೆ.

ಗಾಜಿಗೆ ಅಂಟಿಕೊಂಡ ಫೋಟೋ ಬಂದರೆ ಬಿಡಿಸಲು ಹೋಗುವುದೇ ಇಲ್ಲ. ಹಳೇ ಕಪ್ಪು ಬಿಳುಪು ಫೋಟೋ ಅಚ್ಚು ಹಾಕುತ್ತಿದ್ದ ಬ್ರೋಮೈಡ್ ಕಾಗದದ ಮೇಲೆ ಜೆಲಾಟಿನ್ ಪದರ ಇರುತ್ತದೆ. ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜು ಹಿಡಿಯುತ್ತದೆ. ಎಳೆದರೆ ಕಾಗದ ಕೈಗೆ, ಮುಖ ಗಾಜಿಗೆ. ಗಾಜಿನ ಸಮೇತ ಸ್ಕ್ಯಾನ್ ಮಾಡುವುದೇ ದಾರಿ. ಮೊಬೈಲಿನಲ್ಲಿ ತೆಗೆಯುವವರು ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಇಟ್ಟು, ಮೊಬೈಲಿನ ಹಿಂದೆ ಕಪ್ಪು ಬಟ್ಟೆ ಹಿಡಿಸಿದರೆ ನಿಮ್ಮ ಪ್ರತಿಬಿಂಬ ಗಾಜಿನಲ್ಲಿ ಕಾಣುವುದಿಲ್ಲ. ಕಪ್ಪು ಬಿಳುಪು ಫೋಟೋವನ್ನು ಓರೆ ಮಾಡಿ ನೋಡಿದಾಗ ಕಪ್ಪು ಜಾಗದಲ್ಲಿ ನೀಲಿ ಬೆಳ್ಳಿಯ ಹೊಳಪು ಕಂಡರೆ ಕೊಳೆ ಅಂತ ಒರೆಸಬೇಡಿ. ಕಾಗದದೊಳಗಿನ ಬೆಳ್ಳಿಯೇ ಮೇಲೆ ಬಂದಿರುವುದು ಅದು. ಇನ್ನು ಹಳೇ ಫೋಟೋನ ಲ್ಯಾಮಿನೇಷನ್ ಮಾಡಿಸಿಕೊಂಡು ಬರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಆ ಪ್ಲಾಸ್ಟಿಕ್ ಮತ್ತೆ ಬಿಡಿಸಲಾಗುವುದಿಲ್ಲ.

ಹಿಂದೆ ಸಿಕ್ಕಿದ್ದನ್ನೆಲ್ಲ ಗಿರಾಕಿಗೇ ಕೊಡುತ್ತೇನೆ. ಬೇಡ ಅಂದರೆ ಮಾತ್ರ ನನ್ನ ಬಿಸ್ಕತ್ ಡಬ್ಬಕ್ಕೆ. ಡಬ್ಬ ಈಗ ಏಳಾಗಿವೆ.

ಅಪ್ಪನಿಗೂ ಒಂದು ಅಭ್ಯಾಸ ಇತ್ತು. ಹಲಗೆಯ ಒಳಮಗ್ಗುಲಿಗೆ ಪೆನ್ಸಿಲಿನಲ್ಲಿ ತಾರೀಕು, ಊರು, ಕೂಲಿ ಬರೆಯುತ್ತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಯಾವ ಕಟ್ಟು ಬಿಚ್ಚಿದಾಗ ಆ ಉರುಟು ಅಕ್ಷರ ಕಾಣುತ್ತದೋ ಗೊತ್ತಾಗುವುದಿಲ್ಲ. ಹೋದ ಜಾತ್ರೆಗೆ ಮೊದಲು ಹೊಂಡದ ಸರ್ಕಲ್ ಕಡೆಯ ಒಬ್ಬ ತಾಯಿ ಮದುವೆ ಫೋಟೋ ತಂದಿದ್ದರು. ಅವರೆದುರಿಗೇ ಹಲಗೆ ಎತ್ತಿದೆ. ‘12-5-74, ದಾವಣಗೆರೆ, 3.50.’ ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

‘ನಿಮ್ಮಪ್ಪ ಬರೆದದ್ದೇನ್ರೀ ಇದು?’

‘ಹೌದಮ್ಮ.’

‘ಮತ್ತೆ ಅವರು ಮೂರೂವರೆ ರೂಪಾಯಿಗೆ ಮಾಡಿಕೊಟ್ಟಾರೆ. ನೀವು ನಾನೂರೈವತ್ತು ಅಂತೀರಲ್ರೀ!’

ಐವತ್ತು ಬಿಟ್ಟೆ.