ಸಭಾ ಹಿರಿಯರ ಕೆಲಸ: ಮಂಗಳೂರಿನ ಸಣ್ಣ ಸಭೆಯೊಂದರ ಅನುಭವ

ಮಂಗಳೂರಿನಲ್ಲಿ ಪ್ರಾಟೆಸ್ಟೆಂಟ್ ಸಭೆ ಎಂದ ಕೂಡಲೇ ನೆನಪಿಗೆ ಬರುವುದು 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್. ಆ ಪರಂಪರೆಯ ಬಹುಪಾಲು ಸಭೆಗಳು ಈಗ ಸಿಎಸ್‌ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿವೆ, ಅವುಗಳಿಗೆ ಬಿಷಪರಿದ್ದಾರೆ. ನಮ್ಮ ಸಣ್ಣ ಸಭೆ ನಡೆಯುವುದು ಪ್ರೆಸ್ಬಿಟೇರಿಯನ್ ಕ್ರಮದಲ್ಲಿ. ಸಭೆಯವರೇ ಆರಿಸಿದ ಹಿರಿಯರು ಮತ್ತು ಸಭಾಪಾಲಕರು (ಪಾಸ್ಟರ್) ಸೇರಿದ ಸೆಷನ್ ಎಂಬ ಮಂಡಳಿ ಆಡಳಿತ ನೋಡುತ್ತದೆ. ಅದರ ಮೇಲೆ ಹಲವು ಸಭೆಗಳ ಪಾಲಕರೂ ಹಿರಿಯರೂ ಸೇರುವ ಪ್ರೆಸ್ಬಿಟರಿ, ಅದಕ್ಕೂ ಮೇಲೆ ಹಲವು ಪ್ರೆಸ್ಬಿಟರಿಗಳ ಸಿನೊಡ್. ಹೊಸದಾಗಿ ಹಿರಿಯರಾಗುವವರಿಗೆ ಉಪಯೋಗವಾಗಲಿ ಎಂದು, ಈ ಹೊಣೆಯಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಈ ಕ್ರಮದ ಹಿಂದೆ ಒಂದು ವಿಶ್ವಾಸವಿದೆ. ಸಭೆಯ ಶಿರಸ್ಸು ಕ್ರಿಸ್ತನೊಬ್ಬನೇ. ರಕ್ಷಣೆ ದೇವರ ಕೃಪೆ, ನಮ್ಮ ಸಂಪಾದನೆಯಲ್ಲ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2:8 ಹೇಳುವುದು ಇದನ್ನೇ. ಹಾಗಿರುವಾಗ ದೇವರ ಮತ್ತು ವಿಶ್ವಾಸಿಯ ನಡುವೆ ಬೇರೊಬ್ಬ ಅಧಿಕಾರಿ ನಿಲ್ಲುವಂತಿಲ್ಲ. ಒಬ್ಬರ ಮಾತೇ ಅಂತಿಮವಾಗದಂತೆ ಕೂಡಿ ಕುಳಿತು ತೀರ್ಮಾನಿಸುವ ಪದ್ಧತಿ ಬಂದದ್ದು ಅಲ್ಲಿಂದ. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಹಿರಿಯರು ಮಾಡಿದ್ದೂ ಅದನ್ನೇ.

ಹಿರಿಯರ ಆಯ್ಕೆಗೆ ಎರಡು ಭಾನುವಾರ ಮುಂಚಿತವಾಗಿ ಆರಾಧನೆಯಲ್ಲಿ ಪ್ರಕಟಣೆ ಓದುತ್ತೇವೆ. ಸಭೆಯನ್ನು ನೋಡಿಕೊಳ್ಳುವವರಲ್ಲಿ ಇರಬೇಕಾದ ಗುಣಗಳನ್ನು ಹೇಳುವ 1 ತಿಮೊಥೆಯ 3ನೇ ಅಧ್ಯಾಯವನ್ನೂ ಅದರೊಂದಿಗೇ ಓದಿಸುತ್ತೇವೆ. ಮತ ಗುಪ್ತ, ಮತದಾನದ ಹಕ್ಕು ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಸೇರಿದ ಸದಸ್ಯರಿಗೆ ಮಾತ್ರ. ಕೆಡುವುದು ಇಲ್ಲಿಯೇ. ದೊಡ್ಡ ಕುಟುಂಬದವರು, ಹೆಚ್ಚು ಕಾಣಿಕೆ ಕೊಡುವವರು, ಚೆನ್ನಾಗಿ ಮಾತಾಡುವವರು ಸುಲಭವಾಗಿ ಗೆಲ್ಲುತ್ತಾರೆ. ಆದ್ದರಿಂದ ಹೆಸರು ಸೂಚಿಸುವ ಚೀಟಿಯಲ್ಲಿ ಒಂದು ಸಾಲು ಸೇರಿಸಿದೆವು: ‘ಇವರು ಕಳೆದ ವರ್ಷ ಯಾರ ಕಷ್ಟಕ್ಕೆ ಹೋದರು?’ ಅದನ್ನು ತುಂಬಿಸಲು ಕುಳಿತಾಗ ಮನಸ್ಸಿಗೆ ಬರುವ ಹೆಸರುಗಳೇ ಬೇರೆ. ಆಯ್ಕೆಯಾದವರಿಗೆ ನಮ್ಮ ವಿಶ್ವಾಸವನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ ವೆಸ್ಟ್‌ಮಿನ್‌ಸ್ಟರ್ ಸಂಕ್ಷಿಪ್ತ ಪ್ರಶ್ನೋತ್ತರಿಯ 107 ಪ್ರಶ್ನೆಗಳನ್ನೂ ಆಡಳಿತ ನಿಯಮಗಳನ್ನೂ ಕಲಿಸಿದ ಮೇಲೆಯೇ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನೇಮಿಸುತ್ತೇವೆ.

ಸೆಷನ್‌ಗೆ ಸಭಾಪಾಲಕರೇ ಮಾಡರೇಟರ್, ಅಂದರೆ ಅಧ್ಯಕ್ಷರು. ಅವರಿಲ್ಲದೆ ಹಿರಿಯರು ತಾವಾಗಿ ಸೇರಿ ತೀರ್ಮಾನ ಮಾಡುವಂತಿಲ್ಲ, ಹಿರಿಯರಿಲ್ಲದೆ ಸಭಾಪಾಲಕರೂ ಮಾಡುವಂತಿಲ್ಲ. ಕಾರ್ಯಸೂಚಿ ಒಂದು ವಾರ ಮೊದಲು ಕೈಸೇರಬೇಕು. ಮಿನಿಟ್ಸ್‌ನಲ್ಲಿ ಚರ್ಚೆ ಬೇಡ. ತೀರ್ಮಾನ, ಅದನ್ನು ಮಾಡಬೇಕಾದವರ ಹೆಸರು, ಗಡುವು ಇಷ್ಟೇ ಸಾಕು. ಯಾರು ಏನೆಂದರು ಎಂದು ಬರೆಯತೊಡಗಿದರೆ ಮುಂದಿನ ಬಾರಿ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ.

ಹಿರಿಯರ ನಿಜವಾದ ಕೆಲಸ ಮಾತ್ರ ಮನೆ ಭೇಟಿ. ಒಬ್ಬ ಹಿರಿಯರಿಗೆ 12ರಿಂದ 15 ಮನೆಗಳು ಸಾಕು. ಇಪ್ಪತ್ತು ದಾಟಿದರೆ ಭೇಟಿ ಹೋಗಿ ಹಾಜರಿ ಆಗುತ್ತದೆ. ಮೊದಲೇ ಫೋನ್ ಮಾಡಿ, ಸಾಧ್ಯವಾದಷ್ಟು ಇಬ್ಬರು ಹೋಗಿ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಕುಳಿತರೆ ಸಾಕು. ಮನೆಯಲ್ಲಿ ಆಡುವುದು ತುಳುವಾದರೆ ಪ್ರಾರ್ಥನೆಯೂ ತುಳುವಿನಲ್ಲೇ ಇರಲಿ. ಅಜ್ಜಿಯಂದಿರು ಆಗಲೇ ಬಾಯಿಬಿಡುವುದು. ಬೈಬಲಿನ ಚಿಕ್ಕ ಕೀರ್ತನೆಯೊಂದನ್ನು ಓದಿ, 121ನೆಯದು ಎಲ್ಲರಿಗೂ ಹಿಡಿಸುತ್ತದೆ. ಆಮೇಲೆ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಮಕ್ಕಳು ಎಲ್ಲಿದ್ದಾರೆ, ಯಾವುದಕ್ಕೆ ಪ್ರಾರ್ಥಿಸಬೇಕು ಎಂದು ಕೇಳಿ. ಉತ್ತರಕ್ಕೆ ಕಾಯಿರಿ. ಸಾಲ, ಕುಡಿತ, ಗಲ್ಫಿನಲ್ಲಿ ಕೆಲಸ ಕಳೆದುಕೊಂಡ ಮಗ: ಇವೆಲ್ಲ ಎದ್ದು ಹೊರಡುವಾಗ, ಬಾಗಿಲ ಬಳಿ ಬರುವ ಮಾತುಗಳು. ಆದ್ದರಿಂದ ಬೇರೆ ಮನೆಗೆ ಹೊತ್ತಾಯಿತೆಂದು ಅವಸರ ಮಾಡಬೇಡಿ. ಕೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಸೆಷನ್‌ಗೂ ತರಬಾರದು. ಸಹಾಯ ಬೇಕಾದರೆ ‘ಒಂದು ಮನೆಗೆ ಇಷ್ಟು ಬೇಕು’ ಎಂದು, ನೆರವಿನ ಕೆಲಸ ನೋಡುವ ಸಭಾಸೇವಕರಿಗೆ (ಡೀಕನ್) ಹೇಳಿದರೆ ಸಾಕು. ಮಳೆಗಾಲದಲ್ಲಿ ಭೇಟಿ ನಿಂತುಹೋಗುತ್ತದೆ. ಒಂಟಿಯಾಗಿರುವ ಹಿರಿಯ ಜೀವಗಳಿಗೆ ಭೇಟಿ ಅತ್ಯಗತ್ಯವಾಗುವುದು ಆಗಲೇ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರನ್ನೇ ಪಟ್ಟಿಯ ಮೊದಲಿಗೆ ಹಾಕುತ್ತೇವೆ.

ಭೇಟಿಗೆ ಹೋಗುವಾಗ ರಸೀದಿ ಪುಸ್ತಕ ಕೈಯಲ್ಲಿರಕೂಡದು. ವಂತಿಗೆ ಬಾಕಿ ಕೇಳಿದ ದಿನವೇ ಆ ಮನೆಯವರಿಗೆ ನೀವು ವಸೂಲಿಗೆ ಬಂದವರಾಗುತ್ತೀರಿ. ಕೃಪೆ ಉಚಿತ ಎಂದು ಪೀಠದಿಂದ ಸಾರಿ, ಮನೆಯಲ್ಲಿ ಲೆಕ್ಕ ಕೇಳಿದರೆ ಸುವಾರ್ತೆಯನ್ನು ನಾವೇ ಸುಳ್ಳು ಮಾಡಿದಂತೆ.

ಹಣದ ಕೆಲಸ ದೇವಾಲಯದಲ್ಲೇ ಮುಗಿಯಲಿ. ಆರಾಧನೆ ಮುಗಿದ ಕೂಡಲೇ, ಬೇರೆ ಬೇರೆ ಕುಟುಂಬದ ಇಬ್ಬರು ಕಾಣಿಕೆ ಎಣಿಸಿ, ನೋಟು ಮುಖಬೆಲೆ ಸಮೇತ ಬರೆದು, ಇಬ್ಬರೂ ಸಹಿ ಹಾಕಿ ಖಜಾಂಚಿಗೆ ಒಪ್ಪಿಸಬೇಕು. ಸೋಮವಾರವೇ ಬ್ಯಾಂಕಿಗೆ. ಖರ್ಚಿಗೆಂದು ಅದರಿಂದಲೇ ತೆಗೆದುಕೊಡುವುದು ಮುಂದಿನ ಜಗಳಕ್ಕೆ ಬೀಜ. ಕರಾವಳಿಯ ಸಭೆಗಳಿಗೆ ಇನ್ನೊಂದು ಎಚ್ಚರಿಕೆ: ದುಬೈನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ್ದು ಕಾನೂನಿನಲ್ಲಿ ವಿದೇಶಿ ದೇಣಿಗೆಯಲ್ಲ. ವಿದೇಶದ ಪೌರತ್ವ ಪಡೆದ ಅದೇ ಕುಟುಂಬದವರು ಕಳುಹಿಸಿದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟುವಂತಿಲ್ಲ. ಹಣ ಬರುವ ಮೊದಲೇ ಯಾವ ಪಾಸ್‌ಪೋರ್ಟ್ ಎಂದು ಕೇಳಿಕೊಳ್ಳಿ.

ಸಂಸ್ಕಾರಗಳು ಎರಡೇ: ದೀಕ್ಷಾಸ್ನಾನ, ಕರ್ತನ ಭೋಜನ. ಭೋಜನಕ್ಕೆ ಸಣ್ಣ ಲೋಟಗಳಲ್ಲಿ ತಲಾ 15 ಮಿಲಿಯಂತೆ ನೂರು ಮಂದಿಗೆ ಒಂದೂವರೆ ಲೀಟರ್ ದ್ರಾಕ್ಷಾರಸ ಬೇಕು. ಎರಡು ಲೀಟರ್ ಇಟ್ಟುಕೊಳ್ಳುತ್ತೇವೆ, ದೊಡ್ಡ ಹಬ್ಬದಲ್ಲಿ ಊರಿಗೆ ಬಂದವರೂ ಇರುತ್ತಾರೆ. ಹಾಸಿಗೆ ಹಿಡಿದವರ ಮನೆಗೆ ಸಭಾಪಾಲಕರು ಒಬ್ಬರೇ ಹೋಗದೆ ಒಬ್ಬ ಹಿರಿಯರನ್ನೂ ಕರೆದೊಯ್ಯಬೇಕು. ಇದು ಸಭೆಯ ಊಟ, ಆ ಕೋಣೆಯಲ್ಲೂ ಸಭೆ ಇರಬೇಕು.

ಮದುವೆಯಲ್ಲಿ ಎಡವುವವರು ಹೆಚ್ಚು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ, ಬಿಷಪರಿಂದ ದೀಕ್ಷೆ ಪಡೆಯದ ನಮ್ಮಂಥ ಸಭೆಗಳ ಪಾಲಕರಿಗೆ ಸರ್ಕಾರದ ಲೈಸೆನ್ಸ್ ಬೇಕು. ಹೊಸ ಪಾಲಕರು ಬಂದ ವಾರವೇ ಅರ್ಜಿ ಹಾಕಿಸಿ, ಮದುವೆ ಗೊತ್ತಾದ ಮೇಲಲ್ಲ. ವಧೂವರರ ಲಿಖಿತ ನೋಟಿಸನ್ನು ದೇವಾಲಯದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಅದರ ಮೇಲೆ ಪಾಲಕರು ಕೊಡುವ ಪ್ರಮಾಣಪತ್ರದ ದಿನಾಂಕದಿಂದ ಎರಡು ತಿಂಗಳೊಳಗೆ ಮದುವೆ ಆಗದಿದ್ದರೆ ಎಲ್ಲವೂ ಮೊದಲಿನಿಂದ. ಮದುವೆಗೆ ಪಾಲಕರನ್ನು ಬಿಟ್ಟು ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು.

ಸೆಷನ್ನಿನ ಮಿನಿಟ್ಸ್ ಮತ್ತು ರಿಜಿಸ್ಟರುಗಳನ್ನು ವರ್ಷಕ್ಕೊಮ್ಮೆ ಪ್ರೆಸ್ಬಿಟರಿ ತರಿಸಿ ನೋಡುತ್ತದೆ. ನಮ್ಮ ತೇವದ ಹವೆಗೆ ಕಾಗದ ಬೇಗ ಬೂಸ್ಟು ಹಿಡಿಯುವುದರಿಂದ ಅವನ್ನು ಗೋಡೆಗೆ ತಾಗದ ಕಬ್ಬಿಣದ ಕಪಾಟಿನಲ್ಲಿಟ್ಟು, ಮೇ ಕೊನೆಯೊಳಗೆ ಸ್ಕ್ಯಾನ್ ಮಾಡಿಸಿಬಿಡುತ್ತೇವೆ. ಸೆಷನ್ನಿನ ತೀರ್ಮಾನ ಒಪ್ಪದ ಸದಸ್ಯರು ಪ್ರೆಸ್ಬಿಟರಿಗೆ ಮೇಲ್ಮನವಿ ಹಾಕಬಹುದು. ಅದನ್ನು ಬರೆಯಲು ಬಾರದವರಿಗೆ ಹಿರಿಯರೊಬ್ಬರು ಕುಳಿತು ಬರೆದುಕೊಡಬೇಕು, ಮನವಿ ತಮ್ಮ ವಿರುದ್ಧವೇ ಇದ್ದರೂ ಸರಿ.