ಹೋಟೆಲ್ ಡಿಸೈನ್: ಕೋಣೆಯಿಂದ ಶುರುಮಾಡಿ ಕೆಳಗಿಳಿದ ಬಗೆ

ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ನಾಲ್ಕನೇ ವರ್ಷದ ಸ್ಟುಡಿಯೊ ಪ್ರಾಜೆಕ್ಟ್: ಮೈಸೂರಿನಲ್ಲಿ 80 ಕೋಣೆಗಳ ಹೋಟೆಲ್, ಜೊತೆಗೆ 300 ಜನರ ಬ್ಯಾಂಕ್ವೆಟ್ ಹಾಲ್. ಸೈಟು 75×80 ಮೀಟರ್, ಹೆಚ್ಚುಕಡಿಮೆ ಒಂದೂವರೆ ಎಕರೆ.

ಕೇಸ್ ಸ್ಟಡಿ ಎಂದರೆ ಮೈಸೂರಲ್ಲಿ ಎಲ್ಲರೂ ಲಲಿತ ಮಹಲಿಗೇ ಹೋಗುತ್ತಾರೆ. ವಾಸ್ತುಶಿಲ್ಪಿ ಫ್ರಿಚ್ಲಿ ವಿನ್ಯಾಸದ ಆ ಕಟ್ಟಡ ಶುರುವಾದದ್ದು 1921ರಲ್ಲಿ, ವೈಸರಾಯ್ ಅತಿಥಿಗೃಹವಾಗಿ. ಹೋಟೆಲ್ ಆದದ್ದು 1974ರಲ್ಲಿ. ಮೆಟ್ಟಿಲು, ಗುಮ್ಮಟ ನೋಡಿ ಬರಬಹುದು, ಆದರೆ ಕೋಣೆಯ ಅಳತೆಯನ್ನೋ ಅಡುಗೆಮನೆಯ ದಾರಿಯನ್ನೋ ಅಲ್ಲಿ ಕಲಿಯಲಾಗದು. ಹೋಟೆಲಿಗೆಂದೇ ಕಟ್ಟಿದ ಒಂದು ಸಾಧಾರಣ ತ್ರೀ ಸ್ಟಾರ್ ಹೋಟೆಲಿನ ಹಿಂಬಾಗಿಲಲ್ಲಿ ಬೆಳಿಗ್ಗೆ ಆರರಿಂದ ಎಂಟರವರೆಗೆ ನಿಂತರೆ ಹೆಚ್ಚು ಸಿಗುತ್ತದೆ: ಹಾಲು, ತರಕಾರಿ, ಗ್ಯಾಸ್, ಕಸ, ಕೊಳೆ ಬಟ್ಟೆ, ಡ್ಯೂಟಿ ಬದಲಾಗುವ ಸಿಬ್ಬಂದಿ, ಎಲ್ಲವೂ ಒಂದೇ ಗೇಟಿನಲ್ಲಿ.

ಲಾಬಿಯನ್ನು ಮುಟ್ಟುವ ಮೊದಲು ಎರಡು ಕೋಣೆಗಳ ಜೋಡಿಯನ್ನು 1:50 ಸ್ಕೇಲಿನಲ್ಲಿ ಬರೆದೆ. ಕಂಬದಿಂದ ಕಂಬಕ್ಕೆ 8.4 ಮೀಟರ್, ಅದರಲ್ಲಿ 4.2ರ ಎರಡು ಕೋಣೆ. 200 ಮಿ.ಮೀ. ಗೋಡೆ ಕಳೆದರೆ ಒಳಗೆ 4 ಮೀಟರ್ ಅಗಲ, ಆಳ 8.6. ಬಾತ್‌ರೂಮು ಕಾರಿಡಾರ್ ಕಡೆ, ಪಕ್ಕದ ಕೋಣೆಯದಕ್ಕೆ ಬೆನ್ನು ಕೊಟ್ಟು, ನಡುವೆ 0.9 ಮೀಟರ್ ಅಗಲದ ಶಾಫ್ಟ್, ಅಂದರೆ ಪೈಪುಗಳು ಮಹಡಿಯಿಂದ ಮಹಡಿಗೆ ಇಳಿಯುವ ಜಾಗ. ಅದರ ಬಾಗಿಲು ಕಾರಿಡಾರಿಗೆ ತೆರೆಯಬೇಕು. ಪೈಪು ಸೋರಿದರೆ ಪ್ಲಂಬರ್ ಅತಿಥಿಯ ಕೋಣೆಯೊಳಗೆ ಕಾಲಿಡದೆ ಕೆಲಸ ಮುಗಿಸಬೇಕಲ್ಲ. ಶಾಫ್ಟಿನ ಅರ್ಧ, 1.8ರ ಬಾತ್‌ರೂಮು, 0.6ರ ಬೀರು ಕಳೆದ ಮೇಲೆ ಬಾಗಿಲ ಬಳಿ ಉಳಿದದ್ದು 1.1 ಮೀಟರ್. ಸೂಟ್‌ಕೇಸ್ ಹಿಡಿದು ಹೋಗಲು ಅಷ್ಟು ಸಾಕು. ವೀಲ್‌ಚೇರ್ ಕೋಣೆಗೆ ಮಾತ್ರ ಈ ಲೆಕ್ಕ ನಡೆಯದು, ಬಾತ್‌ರೂಮಿನೊಳಗೆ 1.5 ಮೀಟರಿನ ವೃತ್ತ ಖಾಲಿ ಬೇಕು. ಅದನ್ನು ಬೇರೆಯೇ ಬರೆಯಬೇಕು, ಲಿಫ್ಟಿನ ಹತ್ತಿರ.

ಮೊದಲ ಪ್ಲಾನಿನಲ್ಲಿ ಕಂಬ, ಶಾಫ್ಟ್ ಎರಡೂ ಒಂದೇ ಗೋಡೆಯ ಸಾಲಿಗೆ ಬಂದವು. ಕಂಬದಿಂದ ಕಂಬಕ್ಕೆ ಹೋಗುವ ತೊಲೆ ನೇರವಾಗಿ ಶಾಫ್ಟನ್ನು ಸೀಳುತ್ತಿತ್ತು, 110 ಮಿ.ಮೀ. ಪೈಪಿಗೆ ಇಳಿಯಲು ದಾರಿಯೇ ಇಲ್ಲ. ಗ್ರಿಡ್ಡನ್ನು (ಕಂಬಗಳ ಸಾಲುಗಳನ್ನು) ಒಂದು ಕೋಣೆಯಷ್ಟು ಸರಿಸಿದೆ: ಒಂದು ಗೋಡೆಗೆ ಕಂಬ, ಮುಂದಿನ ಗೋಡೆಗೆ ಶಾಫ್ಟ್. ಶಾಫ್ಟಿನ ಗೋಡೆಯಡಿಯ ಚಿಕ್ಕ ತೊಲೆಯನ್ನು ಬಾತ್‌ರೂಮಿನ ಅಂಚಿಗೇ ನಿಲ್ಲಿಸಿ ಅಡ್ಡ ತೊಲೆಗೆ ಸೇರಿಸಬಹುದು. ಕಂಬ 300×900 ಮಿ.ಮೀ., ಉದ್ದ ಭಾಗ ಗೋಡೆಯ ದಿಕ್ಕಿಗೆ. ಕೋಣೆಯೊಳಗೆ ಚಾಚುವುದು ಬರೀ 50 ಮಿ.ಮೀ.

ಒಂದು ಮಹಡಿಗೆ ಕಂಬದಿಂದ ಕಂಬಕ್ಕೆ ಇಂಥ ಆರು ಅಂಕಣ, 50.4 ಮೀಟರ್ ಉದ್ದ, ನಡುವೆ 1.8ರ ಕಾರಿಡಾರ್, ಎರಡೂ ಬದಿ ಕೋಣೆ, ಒಟ್ಟು ಅಗಲ 19. ಇಪ್ಪತ್ತನಾಲ್ಕು ಕೋಣೆ ಹಿಡಿಯುವ ಜಾಗದಲ್ಲಿ ನಾಲ್ಕನ್ನು ಎರಡು ಅತಿಥಿ ಲಿಫ್ಟ್, ಒಂದು ಸರ್ವಿಸ್ ಲಿಫ್ಟ್, ಹಾಸಿಗೆ ಬಟ್ಟೆ ಇಡುವ ಲಿನೆನ್ ರೂಮು, ವಿದ್ಯುತ್ ಶಾಫ್ಟ್ ತಿಂದವು. ಉಳಿದದ್ದು 20. ನಾಲ್ಕು ಮಹಡಿಗೆ 80. ಲಿನೆನ್ ರೂಮು ಬಿಟ್ಟು ಪ್ಲಾನ್ ಮಾಡಿದವರ ಕಾರಿಡಾರಿನಲ್ಲಿ ಹೌಸ್‌ಕೀಪಿಂಗ್ ಗಾಡಿ ದಿನವಿಡೀ ನಿಂತಿರುತ್ತದೆ.

ಮೆಟ್ಟಿಲು ಎರಡು, ಕಾರಿಡಾರಿನ ಎರಡು ತುದಿಗೆ, ಅಗಲ 1.5 ಮೀಟರ್. ಇಲ್ಲೊಂದು ತಪ್ಪು ತುಂಬ ಸಾಮಾನ್ಯ. ಮೆಟ್ಟಿಲಿಗಿರುವ ದೂರವನ್ನು ಕೋಣೆಯ ಬಾಗಿಲಿಂದ ಅಳೆಯುತ್ತಾರೆ. ಅಳೆಯಬೇಕಾದದ್ದು ಕೋಣೆಯ ಅತಿ ದೂರದ ಮೂಲೆಯಿಂದ. ಮಧ್ಯದ ಕೋಣೆಯಲ್ಲಿ ಕಿಟಕಿಯಿಂದ ಅಳೆದಾಗ ನನ್ನದು 33 ಮೀಟರ್ ದಾಟಿತು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಮಿತಿ 30. ಕಟ್ಟಡಪೂರ್ತಿ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ತಾನೇ ನೀರು ಚಿಮ್ಮಿಸುವ ಸಾಧನ) ಇದ್ದರೆ ಅದು ಒಂದೂವರೆ ಪಟ್ಟಾಗುತ್ತದೆ, ಹಾಗಾಗಿ ಪ್ಲಾನ್ ಉಳಿಯಿತು.

ಹೆಚ್ಚು ಹೊತ್ತು ಹಿಡಿದದ್ದು ಎತ್ತರ. ಪಾಯ 0.45, ನೆಲಮಹಡಿ 4.5, ಮೊದಲ ಮಹಡಿ 4.2, ಪೈಪುಗಳಿಗೆಂದೇ ಇಟ್ಟ ತಗ್ಗಿನ ಸರ್ವಿಸ್ ಫ್ಲೋರ್ 1.8, ಮೇಲೆ 3.3ರಂತೆ ನಾಲ್ಕು. ಕೂಡಿದರೆ 24.15. ಇಪ್ಪತ್ತನಾಲ್ಕು ದಾಟಿದರೆ ರೆಫ್ಯೂಜ್ ಏರಿಯಾ (ಬೆಂಕಿ ಬಿದ್ದಾಗ ಜನ ನಿಂತು ಕಾಯುವ ಸುರಕ್ಷಿತ ಜಾಗ) ಕೊಡಬೇಕು. ಹದಿನೈದು ಸೆಂಟಿಮೀಟರಿಗಾಗಿ ಅಷ್ಟು ಜಾಗ ಬಿಡಲು ಮನಸ್ಸಾಗದೆ ಕೋಣೆ ಮಹಡಿಗಳನ್ನು 3.2ಕ್ಕೆ ಇಳಿಸಿದೆ: 23.75. ಇಳಿಸಿದ್ದರ ಪೆಟ್ಟು ಬೀಳುವುದು ಕಾರಿಡಾರಿನ ಮೇಲೆ. ಅಲ್ಲಿ ತೊಲೆಯ ಹರವು 1.8 ಮೀಟರ್ ಮಾತ್ರ, ತೊಲೆಯ ಆಳ 600 ಮಿ.ಮೀ. ಬದಲು 400 ಸಾಕು. ಕೆಳಗೆ 200ರ ಫ್ರೆಶ್ ಏರ್ ಡಕ್ಟ್ ಹಾಯಿಸಿದರೂ ಫಾಲ್ಸ್ ಸೀಲಿಂಗ್ 2.4ಕ್ಕೆ ನಿಂತಿತು.

ಸರ್ವಿಸ್ ಫ್ಲೋರನ್ನೇ ತೆಗೆದುಬಿಡಿ ಎಂದು ಸಲಹೆ ಬರುತ್ತದೆ. ತೆಗೆದರೆ ಹತ್ತು ಶಾಫ್ಟುಗಳ ಪೈಪು ರೆಸ್ಟೊರೆಂಟಿನ ನಡುಮಧ್ಯೆ ಇಳಿಯುತ್ತವೆ. ಈ ಮಹಡಿಯಲ್ಲಿ ಅವನ್ನೆಲ್ಲ ಅಡ್ಡಕ್ಕೆ ಕೂಡಿಸಿ, 100ಕ್ಕೆ 1 ಇಳಿಜಾರು ಕೊಟ್ಟು, ಎರಡೇ ಕಡೆ ಕೆಳಗೆ ಬಿಟ್ಟೆ. 25 ಮೀಟರ್ ಓಟಕ್ಕೆ 250 ಮಿ.ಮೀ. ಇಳಿತ. ತೊಲೆಯ ಕೆಳಗೆ ಉಳಿಯುವ 1.2 ಮೀಟರಿನಲ್ಲಿ ಪೈಪೂ ಹಿಡಿಸಿ, ಒಬ್ಬ ಆಳು ಬಗ್ಗಿ ಹೋಗಲೂ ಆಗುತ್ತದೆ.

ಕೋಣೆಗಳ ಕೆಳಗೆ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವ ಆಸೆ ಬಿಟ್ಟೆ. 8.4ರಲ್ಲಿ ಮೂರು ಕಾರು ಸಲೀಸಾಗಿ ಕೂರುತ್ತವೆ, ನಿಜ. ಆದರೆ ಕಾರಿಡಾರಿನ ಎರಡು ಕಂಬದ ಸಾಲು, 1.8 ಮೀಟರ್ ಅಂತರದಲ್ಲಿ, ಗಾಡಿ ತಿರುಗುವ ದಾರಿಗೇ ಬರುತ್ತವೆ. ಅಲ್ಲಿ ಸಂಪು, ಲಾಂಡ್ರಿ, ಪಂಪು ಇಟ್ಟು ಪಾರ್ಕಿಂಗನ್ನು ಮುಂದಿನ ಅಂಗಳದ ಕೆಳಗೆ ಬೇರೆ ಗ್ರಿಡ್ಡಿನಲ್ಲಿ ತಂದೆ. ಅದರ ಮೇಲೆ ಅಗ್ನಿಶಾಮಕ ವಾಹನ ಹಾಯುವುದರಿಂದ ಚಾವಣಿ 45 ಟನ್ ತಡೆಯಬೇಕು. ಸ್ಲ್ಯಾಬ್ ದಪ್ಪವನ್ನು ಸೆಕ್ಷನ್ನಿನಲ್ಲಿ (ಕಟ್ಟಡವನ್ನು ಸೀಳಿ ತೋರಿಸುವ ಚಿತ್ರದಲ್ಲಿ) ಮೊದಲೇ ತೋರಿಸಿ. ಸಂಪಿನ ಲೆಕ್ಕ: ನಾಲ್ಕು ಸ್ಟಾರ್ ಮತ್ತು ಮೇಲಿನದಕ್ಕೆ ತಲೆಗೆ 320 ಲೀಟರ್, ಕೋಣೆಗೆ ಇಬ್ಬರಂತೆ 160 ಜನಕ್ಕೆ ದಿನಕ್ಕೆ 51,200. ಅಡುಗೆ, ಲಾಂಡ್ರಿ, ಸಿಬ್ಬಂದಿ, ಬೆಂಕಿ ಆರಿಸುವ ನೀರು ಇದರಲ್ಲಿ ಸೇರಿಲ್ಲ.

ಬ್ಯಾಂಕ್ವೆಟ್ ಹಾಲಿಗೆ ತಲೆಗೆ 1.2 ಚದರ ಮೀಟರಿನಂತೆ 360. ನಡುವೆ ಕಂಬ ಇರಬಾರದು, ಹಾಗಾಗಿ ಕೋಣೆಗಳ ಕೆಳಗೆ ಇಡಲೇಬಾರದು; ಪಕ್ಕಕ್ಕೆ ಸರಿಸಿ 16.8 ಮೀಟರ್ ಹರವಿನಲ್ಲಿ, ಪ್ರತ್ಯೇಕ ಪೋರ್ಟಿಕೊ ಕೊಟ್ಟು, ಅಡುಗೆಮನೆ ಇರುವ ಮಟ್ಟದಲ್ಲೇ ಇಟ್ಟೆ. ನಮ್ಮ ಕಡೆಯ ಮದುವೆಯೆಂದರೆ ಬಾಳೆಎಲೆ ಊಟ. ಪಂಕ್ತಿ ಎದ್ದ ಕೂಡಲೇ ಇಡೀ ಸಾಲು ಕೈತೊಳೆಯಲು ನಡೆಯುತ್ತದೆ. ಎರಡು ಬೇಸಿನ್ನಿನ ಟಾಯ್ಲೆಟ್ಟಿನಿಂದ ಆಗುವ ಕೆಲಸವಲ್ಲ. ಹಾಲಿನ ಹೊರಗೆ ಹನ್ನೆರಡು ನಲ್ಲಿಗಳ ಸಾಲು ಬರೆದೆ.

ದಿಕ್ಕು: ಕಟ್ಟಡದ ಉದ್ದ ಪೂರ್ವ–ಪಶ್ಚಿಮಕ್ಕೆ, ಕಿಟಕಿ ಉತ್ತರ–ದಕ್ಷಿಣಕ್ಕೆ. ಉತ್ತರಕ್ಕೆ ಸಜ್ಜಾ ಬೇಡವೆನ್ನುವುದು ಪುಸ್ತಕದ ಮಾತು. ಮೈಸೂರು ಇರುವುದು 12.3 ಡಿಗ್ರಿ ಅಕ್ಷಾಂಶದಲ್ಲಿ, ಜೂನ್ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. 1.5 ಮೀಟರ್ ಎತ್ತರದ ಕಿಟಕಿಗೆ ಅಲ್ಲಿ 0.3 ಮೀಟರ್ ಸಜ್ಜಾ ಸಾಕು. ದಕ್ಷಿಣಕ್ಕೆ, ಡಿಸೆಂಬರಿನ ಇಳಿಬಿಸಿಲಿಗೆ, 1.1 ಬೇಕು. ಎಲಿವೇಶನ್ (ಕಟ್ಟಡದ ಹೊರನೋಟ) ಬಂದದ್ದು ಇದರಿಂದಲೇ: ಎರಡು ಬದಿಗೆ ಎರಡು ಮುಖ.